ಅಮೆರಿಕದ ರೈಲು ಇತಿಹಾಸದ ಹನ್ನೆರಡು ದಿನಗಳು: ಮೇ ತಿಂಗಳಿಗೆ ಯಾವುದನ್ನು ಹಾಕಬೇಕು?

ಸುಮಾ_ಸ್ಯಾಕ್ರಮೆಂಟೊ

ಎಲ್ಲರಿಗೂ ನಮಸ್ಕಾರ. ನಾನಿರುವ ಸ್ಯಾಕ್ರಮೆಂಟೊದಲ್ಲಿ ವಾರಕ್ಕೊಮ್ಮೆ ಕನ್ನಡ ಮಕ್ಕಳ ತರಗತಿ ನಡೆಸುತ್ತೇವೆ. ಖಂಡವನ್ನು ದಾಟಿದ ಮೊದಲ ರೈಲುಮಾರ್ಗದ ಪಶ್ಚಿಮ ಭಾಗದ ಕೆಲಸ 1863ರ ಜನವರಿ 8ರಂದು ಆರಂಭವಾದದ್ದು ಇದೇ ಊರಿನಲ್ಲಿ. ಆದ್ದರಿಂದ ಈ ಸಲ ಮಕ್ಕಳ ಕೈಯಲ್ಲಿ ಅಮೆರಿಕದ ರೈಲು ಇತಿಹಾಸದ ಗೋಡೆ ಕ್ಯಾಲೆಂಡರ್ ಒಂದನ್ನು ಕನ್ನಡದಲ್ಲಿ ಮಾಡಿಸಬೇಕೆಂದಿದ್ದೇವೆ. ತಿಂಗಳಿಗೆ ಒಂದೇ ದಿನ, ಒಂದೇ ಚಿತ್ರ, ಆರು ಸಾಲಿನ ಬರಹ. ಇದಕ್ಕಿಂತ ಹೆಚ್ಚಿಗೆ ಪುಟದಲ್ಲಿ ಜಾಗವಿಲ್ಲ.

ಜನವರಿ ಪುಟ ನಮ್ಮೂರಿನದೇ ಆಗುವುದರಿಂದ ಅಲ್ಲಿ ಚರ್ಚೆಯಿಲ್ಲ. ಮೇ ಪುಟಕ್ಕೆ ಬಂದಾಗ ಕೈ ನಿಂತುಹೋಯಿತು. 1869ರ ಮೇ 10ರಂದು ಯೂಟಾದಲ್ಲಿ ಚಿನ್ನದ ಮೊಳೆಯಿಟ್ಟು ಎರಡು ಕಂಪನಿಗಳ ಹಳಿಗಳನ್ನು ಜೋಡಿಸಿದರೆಂದು ಎಲ್ಲ ಪಠ್ಯಗಳೂ ಹೇಳುತ್ತವೆ. ಆದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿರುವ ಆ ಮೊಳೆಯ ಮೈಮೇಲೆ ಮಾರ್ಗವು 1869ರ ಮೇ 8ರಂದು ಪೂರ್ಣಗೊಂಡಿತೆಂದು ಕೆತ್ತಲಾಗಿದೆ. ಇದನ್ನು ತೋರಿಸಿದಾಗ ಒಂಬತ್ತು ವರ್ಷದ ಹುಡುಗಿಯೊಬ್ಬಳು, "ಹಾಗಾದರೆ ಮೊಳೆ ಸುಳ್ಳು ಹೇಳುತ್ತದೆಯೋ, ಪುಸ್ತಕ ಸುಳ್ಳು ಹೇಳುತ್ತದೆಯೋ?" ಎಂದು ಕೇಳಿದಳು. ಅವಳಿಗೆ ಸರಿಯಾದ ಉತ್ತರ ಕೊಡಬೇಕು. ಜೊತೆಗೆ ಉಳಿದ ತಿಂಗಳುಗಳಿಗೂ ನಿಮ್ಮ ಸಲಹೆಗಳು ಬೇಕು.

ಕಡೂರು_ಕಿರಣ

ಇದರಲ್ಲಿ ಯೋಚಿಸುವುದೇನಿದೆ? ಮೇ 10ನ್ನೇ ಹಾಕಿ. ಪ್ರೊಮೊಂಟರಿ ಪಾಯಿಂಟ್‌ನಲ್ಲಿ ಎರಡು ಎಂಜಿನ್‌ಗಳು ಮುಖಾಮುಖಿ ನಿಂತಿರುವ ಆ ಛಾಯಾಚಿತ್ರವನ್ನು ನೋಡದವರೇ ಇಲ್ಲ. ಅದಿಲ್ಲದ ರೈಲು ಕ್ಯಾಲೆಂಡರನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ.

ಆಗ್ಡನ್_ವಾಸಿ

ಕಿರಣ್ ಅವರೇ, ಒಂದು ತಿದ್ದುಪಡಿ. ಅದು ಪ್ರೊಮೊಂಟರಿ ಪಾಯಿಂಟ್ ಅಲ್ಲ, ಪ್ರೊಮೊಂಟರಿ ಸಮ್ಮಿಟ್. ಪಾಯಿಂಟ್ ಎಂಬುದು ಗ್ರೇಟ್ ಸಾಲ್ಟ್ ಲೇಕ್ ಸರೋವರದೊಳಕ್ಕೆ ಚಾಚಿಕೊಂಡ ನೆಲದ ತುದಿ. ಮೊಳೆಯಿಟ್ಟ ಸ್ಥಳ ಅದರ ಉತ್ತರಕ್ಕೆ ಬಹಳ ದೂರದ ಬೆಟ್ಟದ ಮೇಲಿದೆ. ನಾನು ಇಲ್ಲಿಯೇ ಸಮೀಪದಲ್ಲಿರುವುದರಿಂದ ಪ್ರತಿ ವರ್ಷವೂ ತಪ್ಪು ಜಾಗಕ್ಕೆ ದಾರಿ ಕೇಳುವವರನ್ನು ನೋಡುತ್ತೇನೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಮೊಳೆಯನ್ನು ಮಾಡಿಸಿದಾಗ ಸಮಾರಂಭ ನಿಗದಿಯಾಗಿದ್ದದ್ದು ಮೇ 8ಕ್ಕೆ, ಹೀಗಾಗಿ ಕೆತ್ತನೆಯೂ ಹಾಗೆಯೇ ಆಯಿತು. ಸೆಂಟ್ರಲ್ ಪೆಸಿಫಿಕ್ ಕಂಪನಿಯ ಅಧ್ಯಕ್ಷ ಲೀಲಂಡ್ ಸ್ಟ್ಯಾನ್‌ಫರ್ಡ್ ಪಶ್ಚಿಮದಿಂದ ಹೊತ್ತಿಗೆ ಸರಿಯಾಗಿ ಬಂದು ಕಾದರು. ಪೂರ್ವದಿಂದ ಬರಬೇಕಿದ್ದ ಯೂನಿಯನ್ ಪೆಸಿಫಿಕ್‌ನ ಉಪಾಧ್ಯಕ್ಷ ಥಾಮಸ್ ಡ್ಯುರಾಂಟ್ ಅವರ ಬೋಗಿಯನ್ನು ವಯೋಮಿಂಗ್‌ನ ಪೀಡ್‌ಮಾಂಟ್ ಎಂಬಲ್ಲಿ ಕೆಲಸಗಾರರೇ ತಡೆದು ನಿಲ್ಲಿಸಿ, ಬಾಕಿ ಕೂಲಿ ಕೊಡುವವರೆಗೆ ಮುಂದೆ ಬಿಡುವುದಿಲ್ಲವೆಂದು ಹಿಡಿದಿಟ್ಟುಕೊಂಡರು. ಅದರ ಮೇಲೆ ಮಳೆಯಿಂದ ಮಾರ್ಗವೂ ಕೆಟ್ಟಿತ್ತು. ಇತ್ತ ಸ್ಯಾಕ್ರಮೆಂಟೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಗರಗಳು, ಸಿದ್ಧತೆಯೆಲ್ಲ ಮುಗಿದಿದ್ದರಿಂದ, 8ರಂದೇ ಉತ್ಸವ ಆಚರಿಸಿಬಿಟ್ಟವು. ಹಳಿ ಕೂಡಿದ್ದು ಮಾತ್ರ ಸೋಮವಾರ 10ರಂದು. ಮೊಳೆಯೂ ಸುಳ್ಳು ಹೇಳುವುದಿಲ್ಲ, ಪುಸ್ತಕವೂ ಹೇಳುವುದಿಲ್ಲ. ಒಂದು ನಿಶ್ಚಯಿಸಿದ ದಿನ, ಇನ್ನೊಂದು ನಡೆದ ದಿನ, ನಡುವಿನ ಎರಡು ದಿನಗಳಲ್ಲಿ ಇರುವುದು ಕೂಲಿಯ ಲೆಕ್ಕ ಎಂದು ಅವಳಿಗೆ ತಿಳಿಸಿ.

ತುಂಗಾತೀರ

ಬಾಕಿ ಕೂಲಿಗಾಗಿ ಇಡೀ ದೇಶದ ಸಮಾರಂಭ ನಿಂತಿತೆಂಬುದು ನನಗೆ ಗೊತ್ತಿರಲಿಲ್ಲ. ಮೇ ಪುಟದ ಆರು ಸಾಲಿನಲ್ಲಿ ಒಂದು ಸಾಲು ಇದಕ್ಕೆ ಸಲ್ಲಲೇಬೇಕು.

ಇತಿಹಾಸಪ್ರಿಯ

ದಿನಾಂಕ ಸರಿಯೋ ತಪ್ಪೋ ಎಂಬುದಕ್ಕಿಂತ, ಆ ದಿನ ಏನು ಪೂರ್ಣವಾಯಿತು ಎಂಬುದು ನನ್ನ ಪ್ರಶ್ನೆ. "ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ವರೆಗೆ ಹಳಿ ಕೂಡಿತು" ಎಂದು ಮಕ್ಕಳಿಗೆ ಬರೆದುಕೊಟ್ಟರೆ ಅದು ನಿಜವಾಗುವುದಿಲ್ಲ. ಅಂದು ಕೂಡಿದ್ದು ಒಮಾಹಾದಿಂದ ಪ್ರೊಮೊಂಟರಿಯವರೆಗಿನ 1,086 ಮೈಲಿ ಮತ್ತು ಅಲ್ಲಿಂದ ಸ್ಯಾಕ್ರಮೆಂಟೊವರೆಗಿನ 690 ಮೈಲಿ, ಒಟ್ಟು 1,776 ಮೈಲಿ. ಪೂರ್ವದ ತುದಿಯಲ್ಲಿ ಮಿಸೌರಿ ನದಿಗೆ ಒಮಾಹಾದ ಬಳಿ ಸೇತುವೆ ಬಂದದ್ದು 1872ರಲ್ಲಿ. ಅಲ್ಲಿಯವರೆಗೆ ಪ್ರಯಾಣಿಕರು ರೈಲಿನಿಂದಿಳಿದು ದೋಣಿಯಲ್ಲಿ ನದಿ ದಾಟಬೇಕಿತ್ತು. ಪಶ್ಚಿಮದಲ್ಲಿಯೂ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದ ಅಲಮೀಡಾಕ್ಕೆ ರೈಲು ತಲುಪಿದ್ದು 1869ರ ಸೆಪ್ಟೆಂಬರ್‌ನಲ್ಲಿ.

ನಡುವೆ ಎಲ್ಲಿಯೂ ಇಳಿಯದೆ ಹಳಿಯ ಮೇಲೆಯೇ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಹೋಗುವಂತಾದದ್ದು 1870ರ ಆಗಸ್ಟ್ 15ರಂದು, ಕೊಲೊರಾಡೊದ ಸ್ಟ್ರಾಸ್‌ಬರ್ಗ್ ಬಳಿಯ ಕಮಾಂಚಿ ಕ್ರಾಸಿಂಗ್‌ನಲ್ಲಿ ಕನ್ಸಾಸ್ ಪೆಸಿಫಿಕ್ ಮಾರ್ಗದ ಎರಡು ತುದಿಗಳು ಕೂಡಿದಾಗ. ಆ ಮಾರ್ಗಕ್ಕೆ ಕನ್ಸಾಸ್ ಸಿಟಿಯಲ್ಲಿ ಮಿಸೌರಿ ನದಿಯ ಸೇತುವೆ 1869ರಲ್ಲಿಯೇ ಸಿದ್ಧವಾಗಿತ್ತು. ನಮಗೆಲ್ಲ ಆಗಸ್ಟ್ 15 ಎಂದರೆ ಬೇರೆ ನೆನಪು ಬರುವುದು ಸಹಜ, ಆದರೆ ಅಮೆರಿಕದ ರೈಲಿನ ಲೆಕ್ಕದಲ್ಲಿ ಅದಕ್ಕೆ ಈ ಅರ್ಥವೂ ಇದೆ. ನನ್ನ ಮತ ಆಗಸ್ಟ್ 15ಕ್ಕೆ.

ಕಡೂರು_ಕಿರಣ

ಜಾಗದ ಹೆಸರು ತಿದ್ದಿದ್ದಕ್ಕೆ ಆಗ್ಡನ್‌ನವರಿಗೆ ಧನ್ಯವಾದಗಳು. ಆದರೆ ಇತಿಹಾಸಪ್ರಿಯರ ವಾದವನ್ನು ನಾನು ಒಪ್ಪುವುದಿಲ್ಲ. 1870ರ ಆ ದಿನವನ್ನು ಅಂದಿನ ಜನ ಗಮನಿಸಲೇ ಇಲ್ಲ. ಮೇ 10ರಂದು ಪ್ರೊಮೊಂಟರಿಯಿಂದ "ಆಯಿತು" ಎಂಬ ಒಂದೇ ಮಾತಿನ ಟೆಲಿಗ್ರಾಂ ಹೊರಟಾಗ ದೂರದ ನಗರಗಳಲ್ಲಿ ಅದೇ ಕ್ಷಣಕ್ಕೆ ಗಂಟೆ ಬಾರಿಸಿದರು, ಫಿರಂಗಿ ಹಾರಿಸಿದರು. ಒಂದು ದೇಶದ ಜನ ಒಂದೇ ಸುದ್ದಿಯನ್ನು ಒಂದೇ ಹೊತ್ತಿನಲ್ಲಿ ಕೇಳಿದ ದಿನ ಅದು. ದಿನಾಚರಣೆ ಇರುವುದು ಜನರ ನೆನಪಿಗಾಗಿ. ಎಂಜಿನಿಯರನ ಲೆಕ್ಕಕ್ಕಾಗಿ ಅಲ್ಲ.

ತುಂಗಾತೀರ

ನೆನಪಿನ ವಿಷಯ ಬಂದದ್ದರಿಂದ, ಯಾರ ನೆನಪು ಎಂದು ಕೇಳದೆ ಇರಲಾರೆ.

ಸೆಂಟ್ರಲ್ ಪೆಸಿಫಿಕ್ ಮಾರ್ಗವನ್ನು ಸಿಯೆರಾ ನೆವಾಡಾ ಪರ್ವತಗಳ ಮೇಲೆ ಹತ್ತಿಸಿದವರು ಬಹುಪಾಲು ಚೀನೀ ಕೂಲಿಗಳು. ಅವರ ಸಂಖ್ಯೆಯನ್ನು ಹತ್ತು ಸಾವಿರಕ್ಕೂ ಹೆಚ್ಚೆಂದು ಅಂದಾಜು ಮಾಡುತ್ತಾರೆ. ಡಾನರ್ ಕಣಿವೆದಾರಿಯ ನೆತ್ತಿಯಲ್ಲಿ 1,659 ಅಡಿ ಉದ್ದದ ಸುರಂಗವನ್ನು ಗ್ರಾನೈಟ್ ಬಂಡೆಯಲ್ಲಿ ಕೊರೆಯುವಾಗ, ಎರಡು ತುದಿಗಳಿಂದಲೂ, ನಡುವೆ ಬಾವಿಯಂತೆ ಕೆಳಗಿಳಿದು ಅಲ್ಲಿಂದ ಎರಡು ದಿಕ್ಕಿಗೂ ಕೆಲಸ ನಡೆಸಿದರು. ಕೈಯಲ್ಲಿ ಸುತ್ತಿಗೆ ಮತ್ತು ಉಕ್ಕಿನ ಉಳಿ. ಜೊತೆಗೆ ಸಿಡಿಮದ್ದು, ನೈಟ್ರೋಗ್ಲಿಸರಿನ್. ಕೆಲವು ದಿನ ಒಂದು ಮುಖದಲ್ಲಿ ಸಾಗುತ್ತಿದ್ದದ್ದು ಒಂದು ಅಡಿಯ ಆಸುಪಾಸು. ಹಿಮಪಾತದಲ್ಲಿ ಸತ್ತವರ ಸಂಖ್ಯೆಯನ್ನು ಕಂಪನಿ ಬರೆದಿಡಲಿಲ್ಲ. ಸಂಬಳದ ಪಟ್ಟಿಯಲ್ಲಿಯೂ ಹೆಚ್ಚಾಗಿ ಇರುವುದು ತಂಡದ ಮುಖಂಡನ ಹೆಸರು, ಪ್ರತಿಯೊಬ್ಬನದೂ ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರು 2012ರಿಂದ ವರ್ಷಗಟ್ಟಲೆ ಎರಡು ದೇಶಗಳಲ್ಲಿ ಹುಡುಕಿದರೂ ಆ ಕೂಲಿಗಳಲ್ಲಿ ಒಬ್ಬರು ಬರೆದ ಒಂದು ಪತ್ರವೂ ಸಿಗಲಿಲ್ಲ.

1969ರ ಮೇ 10ರಂದು ನೂರನೆಯ ವರ್ಷದ ಸಮಾರಂಭ ನಡೆದಾಗ, ಅಂದಿನ ಸಾರಿಗೆ ಕಾರ್ಯದರ್ಶಿ ಜಾನ್ ವೋಲ್ಪಿ ಅವರು ಅಮೆರಿಕನ್ನರಲ್ಲದೆ ಬೇರೆ ಯಾರು ಆ ಹಿಮದ ಪರ್ವತಗಳಲ್ಲಿ ಸುರಂಗ ಕೊರೆಯಬಲ್ಲವರಾಗಿದ್ದರು ಎಂಬ ಅರ್ಥದ ಭಾಷಣ ಮಾಡಿದರು. ಕೊರೆದವರಿಗೆ ಅಮೆರಿಕದ ಪ್ರಜೆಯಾಗುವ ಹಕ್ಕೇ ಇರಲಿಲ್ಲ. 1882ರ ಮೇ 6ರಂದು ಚೀನೀ ಕೂಲಿಗಳ ಪ್ರವೇಶವನ್ನೇ ನಿಷೇಧಿಸುವ ಕಾನೂನು ಬಂತು. ಆ ಸಮಾರಂಭದಲ್ಲಿ ಮಾತನಾಡಲೆಂದು ಬಂದಿದ್ದ ಚೀನೀ ಇತಿಹಾಸ ಸಂಘದ ಅಧ್ಯಕ್ಷ ಫಿಲಿಪ್ ಚಾಯ್ ಅವರಿಗೆ ಮಾತಿಗೆ ಅವಕಾಶ ಸಿಗಲಿಲ್ಲ. ಐವತ್ತು ವರ್ಷಗಳ ನಂತರ, 2019ರಲ್ಲಿ, ಅದೇ ಸ್ಥಳದಲ್ಲಿ ಸಾರಿಗೆ ಕಾರ್ಯದರ್ಶಿಯಾಗಿ ನಿಂತು ಆ ಕೂಲಿಗಳನ್ನು ಸ್ಮರಿಸಿದವರು ಚೀನೀ ಮೂಲದ ಇಲೇನ್ ಚಾವ್.

ಆದ್ದರಿಂದ ಮೇ ಪುಟ ಏನಾದರೂ ಇರಲಿ, ಜೂನ್ ಪುಟ ಮಾತ್ರ 1867ರ ಜೂನ್ 25 ಆಗಬೇಕು. ಅಂದು ಸಿಯೆರಾದಲ್ಲಿ ಸುಮಾರು ಮೂರು ಸಾವಿರ ಚೀನೀ ಕೂಲಿಗಳು ಒಟ್ಟಾಗಿ ಕೆಲಸ ನಿಲ್ಲಿಸಿದರು. ತಿಂಗಳಿಗೆ 40 ಡಾಲರ್ ಕೂಲಿ ಮತ್ತು ಸುರಂಗದಲ್ಲಿ ಕಡಿಮೆ ಹೊತ್ತಿನ ಪಾಳಿ ಅವರ ಬೇಡಿಕೆಯಾಗಿತ್ತು.

ಬಯಲುಸೀಮೆ

ಹಾಗಾದರೆ ಅವರು ಗೆದ್ದರಲ್ಲವೇ? ಮುಷ್ಕರದ ನಂತರ ಕೂಲಿ ಹೆಚ್ಚಾಯಿತೆಂದು ಓದಿದ ನೆನಪು.

ತುಂಗಾತೀರ

ಇಲ್ಲ, ಬಯಲುಸೀಮೆಯವರೇ. ಕೂಲಿಯನ್ನು 31 ಡಾಲರ್‌ನಿಂದ 35ಕ್ಕೆ ಏರಿಸಿದ್ದು ಮುಷ್ಕರಕ್ಕೆ ಮೊದಲೇ. ಅದು ಸಾಲದೆಂದೇ ಅವರು ಕೆಲಸ ನಿಲ್ಲಿಸಿದ್ದು. ನಿರ್ಮಾಣದ ಹೊಣೆ ಹೊತ್ತಿದ್ದ ಚಾರ್ಲ್ಸ್ ಕ್ರಾಕರ್ ಪರ್ವತದ ಮೇಲಿನ ಬಿಡಾರಗಳಿಗೆ ಹೋಗುತ್ತಿದ್ದ ಆಹಾರವನ್ನು ನಿಲ್ಲಿಸಿದ. ಎಂಟು ದಿನಗಳಲ್ಲಿ ಅವರು ಹಿಂದಿನ ಕೂಲಿಗೇ ಮರಳಿದರು. ಬಿಳಿಯ ಕೆಲಸಗಾರರಿಗೆ ಊಟ, ವಸತಿ ಕಂಪನಿಯ ಖರ್ಚಿನಲ್ಲಿ ಸಿಗುತ್ತಿತ್ತು. ಇವರು ತಮ್ಮ ಕೂಲಿಯಿಂದಲೇ ಊಟದ ವೆಚ್ಚ ಭರಿಸಬೇಕಿತ್ತು. ಸೋತ ಹೋರಾಟಕ್ಕೂ ಕ್ಯಾಲೆಂಡರಿನಲ್ಲಿ ಜಾಗವಿರಬೇಕು ಎಂಬುದೇ ನನ್ನ ಮಾತು.

ಹಳಿಗಾರ

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅರಸೀಕೆರೆಯ ಸುತ್ತಮುತ್ತ ಹಳಿಯ ಮೇಲೆಯೇ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಚರ್ಚೆಯನ್ನು ಮೊಮ್ಮಗ ತೋರಿಸಿದ. ಎರಡು ಮಾತು ಹೇಳಬೇಕೆನ್ನಿಸಿತು.

ಮೊದಲನೆಯದು ಏಪ್ರಿಲ್ ತಿಂಗಳಿಗೆ ಸಂಬಂಧಿಸಿದ್ದು. 1869ರ ಏಪ್ರಿಲ್ 28ರಂದು, ಪ್ರೊಮೊಂಟರಿಯ ಸಮಾರಂಭಕ್ಕೆ ಹನ್ನೆರಡು ದಿನ ಮೊದಲು, ಸೆಂಟ್ರಲ್ ಪೆಸಿಫಿಕ್‌ನ ಜನ ಒಂದೇ ದಿನದಲ್ಲಿ 10 ಮೈಲಿ 56 ಅಡಿ ಹಳಿ ಹಾಕಿದರು. ಯಂತ್ರವಿಲ್ಲದೆ ಕೈಯಿಂದಲೇ ಮಾಡಿದ ಕೆಲಸ ಅದು. ಗ್ಯಾಂಗಿನಲ್ಲಿ ದುಡಿದವನಿಗೆ ಮಾತ್ರ ಆ ಅಂಕಿಯ ಭಾರ ಗೊತ್ತಾಗುತ್ತದೆ. ಹಳಿಯನ್ನು ಎತ್ತಿ ಇಡುವುದಕ್ಕೆ ಎಂಟು ಜನ. ಸಂಜೆಯ ಹೊತ್ತಿಗೆ ಒಬ್ಬೊಬ್ಬರ ಕೈಯಲ್ಲಿಯೂ ನೂರು ಟನ್ನಿಗೂ ಮೀರಿದ ಕಬ್ಬಿಣ ಹಾದುಹೋಗಿತ್ತು. ಅವರ ಮುಂದೆ ಸ್ಲೀಪರ್, ಅಂದರೆ ಹಳಿಯ ಕೆಳಗಿನ ಅಡ್ಡಮರ, ಹಾಕುವವರು, ಹಿಂದೆ ಮೊಳೆ ಹೊಡೆಯುವವರು, ಹಳಿ ನೇರ ಮಾಡುವವರು, ಜಲ್ಲಿ ಮತ್ತು ಮಣ್ಣು ಒತ್ತುವವರು, ಸಾಲಾಗಿ ಸಾವಿರಾರು ಜನ ನಡೆಯುತ್ತಲೇ ಕೆಲಸ ಮಾಡಿದರು. ಅವರಲ್ಲಿ ಹೆಚ್ಚಿನವರು ಚೀನೀಯರು. ಹಳಿ ಎತ್ತಿದ ಆ ಎಂಟು ಜನ ಐರಿಷರು, ಅವರ ಹೆಸರುಗಳು ಇಂದಿಗೂ ದಾಖಲೆಯಲ್ಲಿವೆ. ತುಂಗಾತೀರ ಅವರು ಹೇಳಿದ ಮಾತು ಇಲ್ಲಿಯೂ ನಿಜವಾಗುತ್ತದೆ: ಒಂದೇ ದಿನದ ಒಂದೇ ಕೆಲಸದಲ್ಲಿ ಎಂಟು ಹೆಸರು ಉಳಿಯಿತು, ಸಾವಿರಾರು ಹೆಸರು ಹೋಯಿತು.

ಎರಡನೆಯದು, ಯಾರೂ ನೆನೆಯದ ಒಂದು ದಿನ. 1886ರವರೆಗೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹಳಿಗಳ ನಡುವಿನ ಅಂತರ ಹೆಚ್ಚಾಗಿ 5 ಅಡಿ ಇತ್ತು, ಉತ್ತರದಲ್ಲಿ 4 ಅಡಿ 8½ ಅಂಗುಲ. ಗಡಿಯಲ್ಲಿ ಸರಕನ್ನು ಇಳಿಸಿ ಏರಿಸಬೇಕು, ಇಲ್ಲವೇ ಬೋಗಿಯ ಚಕ್ರಗಳನ್ನು ಬದಲಿಸಬೇಕು. ಆ ವರ್ಷದ ಮೇ 31 ಮತ್ತು ಜೂನ್ 1, ಈ ಎರಡು ದಿನಗಳಲ್ಲಿ, ದಕ್ಷಿಣದ ಕಂಪನಿಗಳೆಲ್ಲ ಸೇರಿ ಸುಮಾರು 11,500 ಮೈಲಿ ಮಾರ್ಗದ ಒಂದು ಬದಿಯ ಹಳಿಯನ್ನು ಮೂರು ಅಂಗುಲ ಒಳಕ್ಕೆ ಸರಿಸಿ 4 ಅಡಿ 9 ಅಂಗುಲ ಮಾಡಿಬಿಟ್ಟವು. ಉಳಿದ ಅರ್ಧ ಅಂಗುಲ ಓಡಾಟಕ್ಕೆ ಅಡ್ಡಿಯಾಗುತ್ತಿರಲಿಲ್ಲ.

ಇದು ಹೇಗಾಯಿತೆಂದು ನನಗೆ ಬಹಳ ಕುತೂಹಲವಿತ್ತು, ಏಕೆಂದರೆ 1990ರ ದಶಕದಲ್ಲಿ ನಮ್ಮ ಕಡೆ ಮೀಟರ್ ಗೇಜನ್ನು ಬ್ರಾಡ್ ಗೇಜಿಗೆ ಬದಲಾಯಿಸುವ ಕೆಲಸದಲ್ಲಿ ನಾನೂ ಇದ್ದೆ. ನಮ್ಮಲ್ಲಿ ಒಂದು ಮೀಟರಿನಿಂದ 1,676 ಮಿಲಿಮೀಟರಿಗೆ ಹೋಗಬೇಕಾದ್ದರಿಂದ ಸ್ಲೀಪರೇ ಚಿಕ್ಕದಾಗುತ್ತಿತ್ತು. ಸ್ಲೀಪರು, ಹಳಿ, ಸೇತುವೆಯ ಅಗಲ, ಪ್ಲಾಟ್‌ಫಾರಂ, ಎಲ್ಲವೂ ಹೊಸದಾಗಬೇಕು. ತಿಂಗಳುಗಟ್ಟಲೆ ರೈಲು ನಿಲ್ಲಿಸಿ ಕೆಲಸ ಮಾಡಿದೆವು. ಅವರಲ್ಲಿ ಅಗಲ ಕಡಿಮೆಯಾಗುವುದರಿಂದ ಅದೇ ಮರದ ಸ್ಲೀಪರಿನ ಮೇಲೆಯೇ ಹಳಿ ಸರಿಸಿದರೆ ಸಾಕಾಗಿತ್ತು. ವಾರಗಳ ಮುಂಚೆಯೇ ಹೊಸ ಜಾಗದಲ್ಲಿ ಒಳಬದಿಯ ಮೊಳೆಗಳನ್ನು ಹೊಡೆದಿಟ್ಟು, ಹಳೆಯ ಮೊಳೆಗಳಲ್ಲಿ ಅನೇಕವನ್ನು ಮೊದಲೇ ಕಿತ್ತು, ಆ ದಿನಕ್ಕೆ ಆದಷ್ಟು ಕಡಿಮೆ ಕೆಲಸ ಉಳಿಯುವಂತೆ ನೋಡಿಕೊಂಡರು. ಎಂಜಿನ್ ಮತ್ತು ಬೋಗಿಗಳ ಚಕ್ರಗಳನ್ನೂ ಅಚ್ಚಿನ ಮೇಲೆ ಒಳಕ್ಕೆ ಒತ್ತಬೇಕಿತ್ತು. ಅದಕ್ಕೂ ಮೊದಲೇ ಸಿದ್ಧತೆಯಾಗಿತ್ತು. ಸಿದ್ಧತೆಯಲ್ಲಿ ಶ್ರದ್ಧೆಯಿದ್ದರೆ ಹಳಿಯ ಕೆಲಸ ಎಷ್ಟು ಬೇಗ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯನ್ನು ನಾನು ಕಂಡಿಲ್ಲ. ಜೂನ್ ಪುಟಕ್ಕೆ ಜೂನ್ 1ನ್ನು ಹಾಕಿದರೆ ಈ ಮುದುಕನಿಗೆ ಸಂತೋಷವಾಗುತ್ತದೆ.

ಸುಮಾ_ಸ್ಯಾಕ್ರಮೆಂಟೊ

ರಾಯರೇ, ನೀವು ಬರೆದದ್ದನ್ನು ತರಗತಿಯಲ್ಲಿ ಓದಿ ಹೇಳುತ್ತೇನೆ. ಏಪ್ರಿಲ್ ಪುಟ ಇತ್ಯರ್ಥವಾಯಿತು. ಆದರೆ ಜೂನ್‌ಗೆ ಈಗ ಇಬ್ಬರು ಹಕ್ಕುದಾರರಾದರು.

ವಕೀಲೆ_ಧಾರವಾಡ

ಮೂವರು ಎಂದು ತಿದ್ದಿಕೊಳ್ಳಿ. 1892ರ ಜೂನ್ 7ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಹೋಮರ್ ಪ್ಲೆಸ್ಸಿ ಎಂಬ ಪಾದರಕ್ಷೆ ಮಾಡುವ ಕಸುಬಿನವರು ಮೊದಲ ದರ್ಜೆಯ ಟಿಕೆಟ್ ಕೊಂಡು, ಬಿಳಿಯರಿಗೆ ಮೀಸಲಾದ ಬೋಗಿಯಲ್ಲಿ ಕುಳಿತರು. ಅವರ ಪೂರ್ವಜರಲ್ಲಿ ಎಂಟನೆಯ ಒಂದು ಪಾಲು ಮಾತ್ರ ಕಪ್ಪು ಜನರು, ನೋಡಿದವರಿಗೆ ತಿಳಿಯುವಂತಿರಲಿಲ್ಲ. ತಾನು ಯಾರೆಂದು ಹೇಳಿ, ಏಳಲು ನಿರಾಕರಿಸಿ, ಬಂಧನಕ್ಕೆ ಒಳಗಾದರು. ಇದೆಲ್ಲವೂ ಅಲ್ಲಿನ ನಾಗರಿಕರ ಸಮಿತಿಯೊಂದು, 1890ರ ಪ್ರತ್ಯೇಕ ಬೋಗಿ ಕಾನೂನನ್ನು ನ್ಯಾಯಾಲಯಕ್ಕೆ ಒಯ್ಯಲೆಂದು, ಮುಂಚೆಯೇ ಯೋಚಿಸಿ ಮಾಡಿದ ಕೆಲಸ. ಪ್ರತ್ಯೇಕ ಬೋಗಿಯ ಖರ್ಚು ರೈಲು ಕಂಪನಿಗೂ ಹೊರೆಯಾಗಿದ್ದರಿಂದ ಅದರ ಸಹಕಾರವೂ ಇತ್ತು.

1896ರ ಮೇ 18ರಂದು ಸುಪ್ರೀಂ ಕೋರ್ಟ್ ಏಳು ಮತ್ತು ಒಂದರ ಅಂತರದಿಂದ ಆ ಕಾನೂನನ್ನೇ ಎತ್ತಿಹಿಡಿಯಿತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಹಾರ್ಲನ್ ಒಬ್ಬರೇ. "ಪ್ರತ್ಯೇಕ, ಆದರೆ ಸಮಾನ" ಎಂಬ ಆ ತತ್ವ 1954ರವರೆಗೆ ಶಾಲೆ, ಆಸ್ಪತ್ರೆ, ನೀರಿನ ನಲ್ಲಿಯವರೆಗೂ ಹಬ್ಬಿತು. 2022ರ ಜನವರಿಯಲ್ಲಿ ಲೂಯಿಸಿಯಾನದ ರಾಜ್ಯಪಾಲರು ಪ್ಲೆಸ್ಸಿ ಅವರಿಗೆ ಮರಣೋತ್ತರ ಕ್ಷಮಾದಾನ ನೀಡಿದರು. ರೈಲಿನ ಇತಿಹಾಸವೆಂದರೆ ಎಂಜಿನ್ ಮತ್ತು ಹಳಿಯದ್ದು ಮಾತ್ರವೇ ಅಲ್ಲ, ಯಾರು ಎಲ್ಲಿ ಕುಳಿತರು ಎಂಬುದೂ ಅದರಲ್ಲಿ ಸೇರಿದೆ.

ಕಡೂರು_ಕಿರಣ

ಆದರೆ ಅದು ಕಾನೂನಿನ ಇತಿಹಾಸ, ಮೇಡಂ. ರೈಲು ಅಲ್ಲಿ ನಿಮಿತ್ತ ಮಾತ್ರ.

ವಕೀಲೆ_ಧಾರವಾಡ

ನಿಮಿತ್ತವಲ್ಲ, ಕಿರಣ್ ಅವರೇ. ಅಪರಿಚಿತರು ಗಂಟೆಗಟ್ಟಲೆ ಒಟ್ಟಿಗೆ ಕೂರಲೇಬೇಕಾದ ಜಾಗವನ್ನು ಆ ಸಮಾಜಕ್ಕೆ ತಂದುಕೊಟ್ಟದ್ದು ರೈಲು ಬೋಗಿ. ಆದ್ದರಿಂದಲೇ ಅಂತಹ ಕಾನೂನುಗಳು ಅಲ್ಲಿಂದ ಆರಂಭವಾದವು. ರೈಲಿನೊಳಗೇ ನಡೆದ ಇನ್ನೊಂದು ಹೋರಾಟ ಬೇಕೆಂದರೆ ಆಗಸ್ಟ್ 25ನ್ನು ನೋಡಿ. ಪುಲ್‌ಮನ್ ಮಲಗುವ ಬೋಗಿಗಳಲ್ಲಿ ಹಾಸಿಗೆ ಹಾಸಿ, ಬೂಟು ಒರೆಸುತ್ತಿದ್ದ ಕಪ್ಪು ಪರಿಚಾರಕರನ್ನು ಪ್ರಯಾಣಿಕರು ಅವರ ಸ್ವಂತ ಹೆಸರಿನಿಂದ ಕರೆಯದೆ, ಕಂಪನಿಯ ಮಾಲೀಕ ಜಾರ್ಜ್ ಪುಲ್‌ಮನ್ನನ ಹೆಸರಿನಿಂದ ಎಲ್ಲರನ್ನೂ "ಜಾರ್ಜ್" ಎಂದೇ ಕೂಗುತ್ತಿದ್ದರು. 1925ರ ಆಗಸ್ಟ್ 25ರಂದು ಎ. ಫಿಲಿಪ್ ರ‍್ಯಾಂಡಾಲ್ಫ್ ಅವರ ನೇತೃತ್ವದಲ್ಲಿ ಅವರ ಸಂಘ ಹುಟ್ಟಿತು. ಕಂಪನಿ ಆ ಸಂಘದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ್ದು 1937ರ ಆಗಸ್ಟ್ 25ರಂದು. ಸರಿಯಾಗಿ ಹನ್ನೆರಡು ವರ್ಷ, ಅದೇ ದಿನ.

ಇತಿಹಾಸಪ್ರಿಯ

ಇದನ್ನು ಓದಿದ ಮೇಲೆ ನನ್ನ ಆಗಸ್ಟ್ 15ನ್ನು ನಾನೇ ಹಿಂದಕ್ಕೆ ಪಡೆಯುತ್ತೇನೆ. ಆಗಸ್ಟ್ 25 ಇರಲಿ. ಆದರೆ ಮೇ ಪುಟದಲ್ಲಿ "ಕರಾವಳಿಯಿಂದ ಕರಾವಳಿಗೆ" ಎಂದು ಮಾತ್ರ ದಯವಿಟ್ಟು ಬರೆಯಬೇಡಿ.

ಬಯಲುಸೀಮೆ

ಆಗಸ್ಟ್‌ಗೆ ಇನ್ನೊಂದಿದೆ. 1830ರ ಆಗಸ್ಟ್ 28ರಂದು ಪೀಟರ್ ಕೂಪರ್ ಅವರ ಟಾಮ್ ಥಂಬ್ ಎಂಬ ಪುಟ್ಟ ಎಂಜಿನ್ ಕುದುರೆಯೊಂದಿಗೆ ಪಂದ್ಯ ಓಡಿ, ಬೆಲ್ಟ್ ಜಾರಿ ಸೋತಿತು. ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ.

ಇತಿಹಾಸಪ್ರಿಯ

ಎಂಜಿನ್ ಇದ್ದದ್ದು ನಿಜ, ಬಾಲ್ಟಿಮೋರ್ ಅಂಡ್ ಓಹಾಯೊ ಕಂಪನಿಯ ಹಳಿಯ ಮೇಲೆ ಅದು ಓಡಿದ್ದೂ ನಿಜ. ಆದರೆ ಪಂದ್ಯದ ಕಥೆ ನಮಗೆ ಬಂದಿರುವುದು ದಶಕಗಳ ನಂತರ ಹೇಳಿದ ನೆನಪುಗಳಿಂದ, ಅದರ ದಿನಾಂಕವನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಅದೇ ಕಂಪನಿಯ ನಂಬಲರ್ಹ ದಿನ ಬೇಕಾದರೆ ಜುಲೈ 4 ಇದೆ. 1828ರ ಆ ದಿನ ಬಾಲ್ಟಿಮೋರ್‌ನಲ್ಲಿ ಅದರ ಅಡಿಗಲ್ಲನ್ನು ಇಟ್ಟವರು ತೊಂಬತ್ತು ವರ್ಷದ ಚಾರ್ಲ್ಸ್ ಕ್ಯಾರಲ್, ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಅಂದಿಗೆ ಬದುಕುಳಿದಿದ್ದ ಕೊನೆಯವರು.

ಮೇಷ್ಟ್ರು_ಮಡಿಕೇರಿ

ನವೆಂಬರ್ ಪುಟವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ನಾನು ಹಿಡಿಯುತ್ತೇನೆ. 1883ರ ನವೆಂಬರ್ 18, ಭಾನುವಾರ, "ಎರಡು ನಡುಹಗಲಿನ ದಿನ" ಎಂದೇ ಅದಕ್ಕೆ ಹೆಸರು.

ಅಲ್ಲಿಯವರೆಗೆ ಪ್ರತಿ ಊರಿಗೂ ಅದರದೇ ಸೂರ್ಯನ ಸಮಯ. ರೈಲು ಕಂಪನಿಗಳು ತಮ್ಮ ತಮ್ಮ ಮುಖ್ಯ ನಗರದ ಸಮಯವನ್ನು ಹಿಡಿದಿದ್ದರಿಂದ ದೇಶದಲ್ಲಿ ಐವತ್ತರ ಆಸುಪಾಸಿನಷ್ಟು ರೈಲು ಸಮಯಗಳಿದ್ದವು. ಒಂದೇ ನಿಲ್ದಾಣದಲ್ಲಿ ಎರಡು ಮೂರು ಗಡಿಯಾರಗಳು ಬೇರೆ ಬೇರೆ ಸಮಯ ತೋರಿಸುತ್ತಿದ್ದವು. ವಿಲಿಯಂ ಅಲೆನ್ ಎಂಬ ವೇಳಾಪಟ್ಟಿಯ ಸಂಪಾದಕರು ಗ್ರೀನಿಚ್‌ನಿಂದ ಹದಿನೈದು ಡಿಗ್ರಿಗಳ ಲೆಕ್ಕದ ರೇಖಾಂಶಗಳನ್ನು ಆಧರಿಸಿ ಗಂಟೆಗೊಂದರಂತೆ ವಲಯಗಳನ್ನು ಮಾಡಿ ಕಂಪನಿಗಳನ್ನು ಒಪ್ಪಿಸಿದರು. ಆ ದಿನ ನ್ಯೂಯಾರ್ಕ್‌ನ ಗಡಿಯಾರಗಳನ್ನು ಸುಮಾರು ನಾಲ್ಕು ನಿಮಿಷ ಹಿಂದಕ್ಕೆ ತಂದರು. ಊರಿನ ಹನ್ನೆರಡು ಗಂಟೆ ಒಮ್ಮೆ ಆಯಿತು, ನಾಲ್ಕು ನಿಮಿಷದ ಬಳಿಕ ಹೊಸ ಹನ್ನೆರಡು ಗಂಟೆ ಮತ್ತೊಮ್ಮೆ ಆಯಿತು.

ನನಗೆ ಇದರಲ್ಲಿ ಮುಖ್ಯವೆನಿಸುವುದು ಬೇರೆ. ಇದನ್ನು ಮಾಡಿದ್ದು ಸರ್ಕಾರವಲ್ಲ, ಸಂಸತ್ತಿನ ಕಾನೂನು ಬಂದದ್ದು 1918ರ ಮಾರ್ಚ್ 19ರಂದು. ಮೂವತ್ತನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಂದು ದೇಶ ಖಾಸಗಿ ಕಂಪನಿಗಳು ಹೇಳಿದ ಹೊತ್ತಿಗೆ ಊಟ ಮಾಡಿತು, ನಿದ್ದೆ ಮಾಡಿತು. ನಾಲ್ಕು ನಿಮಿಷ ಎಂದರೆ ಏನು ಮಹಾ ಎಂದು ಮಕ್ಕಳು ಕೇಳಿದರೆ, 1891ರ ಏಪ್ರಿಲ್‌ನಲ್ಲಿ ಓಹಾಯೊದ ಕಿಪ್ಟನ್ ಬಳಿ ನಡೆದ ಡಿಕ್ಕಿಯನ್ನು ಹೇಳಿ. ಅಲ್ಲಿ ಒಬ್ಬ ಸಿಬ್ಬಂದಿಯ ಕೈಗಡಿಯಾರವಲ್ಲದ, ಜೇಬಿನ ಗಡಿಯಾರವೊಂದು ನಾಲ್ಕು ನಿಮಿಷ ನಿಂತು ಮತ್ತೆ ನಡೆದದ್ದೇ ಕಾರಣವೆಂದು ಹೇಳುತ್ತಾರೆ. ಒಂಟಿ ಮಾರ್ಗದಲ್ಲಿ ಎದುರುಬದುರು ಬರುವ ರೈಲುಗಳಿಗೆ ಸಮಯವೇ ಸಿಗ್ನಲ್ ಆಗಿತ್ತು.

ಹಳಿಗಾರ

ಮೇಷ್ಟ್ರ ಕೊನೆಯ ಮಾತನ್ನು ಎರಡು ಸಲ ಓದಿದೆ. ಅದು ಸತ್ಯವಾದ ಮಾತು.

ಬಯಲುಸೀಮೆ

ನಮ್ಮ ದೇಶದಲ್ಲಿಯೂ 1906ರಲ್ಲಿ ಭಾರತೀಯ ಕಾಲಮಾನ ಬರುವವರೆಗೆ ರೈಲುಗಳು ಮದ್ರಾಸ್ ಸಮಯದಂತೆ ಓಡುತ್ತಿದ್ದವು ಎಂಬುದನ್ನು ಒಂದು ಸಾಲಿನಲ್ಲಿ ಸೇರಿಸಬಹುದು.

ಆಗ್ಡನ್_ವಾಸಿ

ಇಷ್ಟೆಲ್ಲ ಮಾತಿನಲ್ಲಿ ಆ ನೆಲದ ಜನರ ಬಗ್ಗೆ ಒಂದು ಸಾಲೂ ಬರಲಿಲ್ಲ. ಯೂನಿಯನ್ ಪೆಸಿಫಿಕ್ ಮಾರ್ಗ ಹಾದುಹೋದದ್ದು ಷೆಯೆನ್, ಲಕೋಟ, ಪಾನೀ ಜನರ ಬಯಲಿನಲ್ಲಿ. 1867ರ ಆಗಸ್ಟ್‌ನಲ್ಲಿ ನೆಬ್ರಾಸ್ಕಾದ ಪ್ಲಮ್ ಕ್ರೀಕ್ ಬಳಿ ಷೆಯೆನ್ನರು ಹಳಿಯನ್ನು ಕಿತ್ತು ರೈಲೊಂದನ್ನು ಉರುಳಿಸಿದರು. ಕಂಪನಿಯ ದಾಖಲೆಗಳಲ್ಲಿ ಅದು ದಾಳಿ. ರೈಲು ಬಂದ ಮೇಲೆ ಚರ್ಮದ ವ್ಯಾಪಾರಕ್ಕಾಗಿ ಕಾಡೆಮ್ಮೆಯ ಹಿಂಡುಗಳನ್ನು ಕೊಂದು ಮುಗಿಸಿದ್ದಕ್ಕೆ ಯಾವ ಒಂದು ದಿನಾಂಕವೂ ಇಲ್ಲ. ದಿನಾಂಕವಿಲ್ಲದ್ದು ಕ್ಯಾಲೆಂಡರಿಗೆ ಬರುವುದೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ.

ಸೆಪ್ಟೆಂಬರ್‌ಗೆ ನನ್ನ ಸಲಹೆ 1942ರ ಸೆಪ್ಟೆಂಬರ್ 8. ಸರೋವರದ ಮೇಲೆಯೇ ಹಾದುಹೋಗುವ ಲುಸಿನ್ ಅಡ್ಡದಾರಿ 1904ರಲ್ಲಿ ತೆರೆದ ಮೇಲೆ ಪ್ರೊಮೊಂಟರಿಯ ಬೆಟ್ಟದ ಮಾರ್ಗಕ್ಕೆ ಕೆಲಸವಿಲ್ಲವಾಯಿತು. ಯುದ್ಧಕ್ಕೆ ಕಬ್ಬಿಣ ಬೇಕಾದಾಗ, ಅದೇ ಸ್ಥಳದಲ್ಲಿ ಸಣ್ಣದೊಂದು ಸಮಾರಂಭ ಮಾಡಿ, ಕೊನೆಯ ಮೊಳೆಯನ್ನು ಕಿತ್ತು, ಹಳಿಗಳನ್ನು ಒಯ್ದರು. ಈಗ ಪ್ರವಾಸಿಗರು ನೋಡುವ ಹಳಿ ಮತ್ತು ಎಂಜಿನ್‌ಗಳು ನಂತರ ಮಾಡಿಸಿದ ಪ್ರತಿಕೃತಿಗಳು.

ತುಂಗಾತೀರ

ಮೊಳೆ ಹೊಡೆದ ದಿನವೂ ಕಿತ್ತ ದಿನವೂ ಒಂದೇ ಕ್ಯಾಲೆಂಡರಿನಲ್ಲಿ ಇರಲೇಬೇಕು.

ಕಡೂರು_ಕಿರಣ

ಉಳಿದ ಖಾಲಿ ಪುಟಗಳಿಗೆ ನನ್ನವು. ಫೆಬ್ರವರಿ 2, 1913: ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣ ತೆರೆದದ್ದು. ಅಕ್ಟೋಬರ್ 28, 1963: ಅದೇ ನಗರದ ಪೆನ್ಸಿಲ್ವೇನಿಯಾ ನಿಲ್ದಾಣವನ್ನು ಕೆಡವಲು ಆರಂಭಿಸಿದ್ದು. ಆ ನಷ್ಟದ ನೋವಿನಿಂದಲೇ 1965ರಲ್ಲಿ ಹಳೆಯ ಕಟ್ಟಡಗಳನ್ನು ಉಳಿಸುವ ನಗರದ ಕಾನೂನು ಬಂತು. ಡಿಸೆಂಬರ್‌ಗೆ 1830ರ ಕ್ರಿಸ್ಮಸ್ ದಿನ, ದಕ್ಷಿಣ ಕೆರೊಲಿನಾದಲ್ಲಿ "ಬೆಸ್ಟ್ ಫ್ರೆಂಡ್ ಆಫ್ ಚಾರ್ಲ್ಸ್‌ಟನ್" ಎಂಬ ಎಂಜಿನ್ ಪ್ರಯಾಣಿಕರನ್ನು ಹೊತ್ತು ಹೊರಟಿತು. ನಿಗದಿತ ವೇಳೆಗೆ ಓಡುವ ಹಬೆ ರೈಲಿನ ಸೇವೆ ಆ ದೇಶದಲ್ಲಿ ಅಲ್ಲಿಂದ ಮೊದಲಾಯಿತು.

ಹಳಿಗಾರ

ಆ ಎಂಜಿನ್ ಆರು ತಿಂಗಳೊಳಗೆ, 1831ರ ಜೂನ್‌ನಲ್ಲಿ, ಬಾಯ್ಲರ್ ಸಿಡಿದು ಹಾಳಾಯಿತು. ಹಬೆ ಹೊರಬೀಳುವ ಸದ್ದು ಸಹಿಸಲಾಗದೆ ಫೈರ್‌ಮನ್ ಸೇಫ್ಟಿ ವಾಲ್ವನ್ನು ಒತ್ತಿ ಮುಚ್ಚಿದ್ದ. ಇದನ್ನೂ ಬರೆಯಿರಿ.

ಮಾರ್ಚ್‌ಗೆ 1893ರ ಮಾರ್ಚ್ 2ನ್ನು ಹಾಕಿ ಎಂದು ಕೈಮುಗಿದು ಕೇಳುತ್ತೇನೆ. ಅಲ್ಲಿಯವರೆಗೆ ಬೋಗಿಗಳನ್ನು ಜೋಡಿಸಲು ಮನುಷ್ಯ ಎರಡು ಬೋಗಿಗಳ ನಡುವೆ ನಿಂತು ಕೊಂಡಿಯನ್ನು ಕೈಯಲ್ಲಿ ಹಿಡಿದು ಗೂಟ ಇಳಿಸಬೇಕಿತ್ತು. ಬೆರಳಿಲ್ಲದ ಕೈ ನೋಡಿದರೆ ಇವನು ಹಳೆಯ ಕೆಲಸಗಾರನೆಂದು ಗುರುತಿಸುತ್ತಿದ್ದರಂತೆ. ಗಾಡಿ ನಿಲ್ಲಿಸಲು, ಓಡುವ ಬೋಗಿಗಳ ಮಾಡಿನ ಮೇಲೆ ನಡೆದು ಒಂದೊಂದರ ಬ್ರೇಕ್ ಚಕ್ರವನ್ನೂ ತಿರುಗಿಸಬೇಕಿತ್ತು. ವೆಸ್ಟಿಂಗ್‌ಹೌಸ್ ಅವರ ಗಾಳಿ ಬ್ರೇಕ್‌ಗೆ 1869ರಲ್ಲಿ, ಜ್ಯಾನಿ ಅವರ ತಾನೇ ಕಚ್ಚಿಕೊಳ್ಳುವ ಕಪ್ಲರ್‌ಗೆ 1873ರಲ್ಲಿ ಪೇಟೆಂಟ್ ಸಿಕ್ಕಿದ್ದರೂ, ಅವು ಕಡ್ಡಾಯವಾಗಲು ಇಪ್ಪತ್ತು ವರ್ಷ ಬೇಕಾಯಿತು. ಸಾಧನ ಕೈಗೆ ಸಿಕ್ಕ ಮೇಲೂ ಅಷ್ಟು ವರ್ಷ ಬೆರಳು ಹೋದದ್ದನ್ನು ನೆನೆದರೆ ಸಂಕಟವಾಗುತ್ತದೆ. ಆ ಕಾನೂನಿಗೆ ಸಹಿ ಬಿದ್ದ ದಿನ ಅದು.

ಸುಮಾ_ಸ್ಯಾಕ್ರಮೆಂಟೊ

ನಿಮ್ಮೆಲ್ಲರ ಬರಹಗಳನ್ನು ಮುದ್ರಿಸಿ ತರಗತಿಗೆ ಒಯ್ದಿದ್ದೆ. ಮಕ್ಕಳು ಕೈಯೆತ್ತಿ ತೀರ್ಮಾನಿಸಿದ್ದು ಹೀಗಿದೆ. ಮೇ ಪುಟದಲ್ಲಿ ದಿನಾಂಕ 10 ಎಂದೇ ಇರುತ್ತದೆ, ಆದರೆ ಚಿತ್ರ ಎರಡು ಎಂಜಿನ್‌ಗಳದ್ದಲ್ಲ; 8 ಎಂಬ ಅಂಕಿ ಕಾಣುವಂತೆ ಮೊಳೆಯದೇ ದೊಡ್ಡ ಚಿತ್ರ, ಕೆಳಗೆ ಪೀಡ್‌ಮಾಂಟ್‌ನಲ್ಲಿ ಕೂಲಿಗಾಗಿ ನಿಂತ ಬೋಗಿ. ಜೂನ್‌ಗೆ 25, ಚೀನೀ ಕೂಲಿಗಳ ಮುಷ್ಕರ. ಪ್ಲೆಸ್ಸಿ ಅವರನ್ನು ಬಿಡಲು ಯಾರಿಗೂ ಮನಸ್ಸಾಗದೆ, ಕ್ಷಮಾದಾನ ಬಂದ ಜನವರಿ ಪುಟದಲ್ಲಿ ನಮ್ಮೂರಿನ ಆರು ಸಾಲನ್ನು ಮೂರಕ್ಕೆ ಇಳಿಸಿ ಅವರಿಗೆ ಮೂರು ಸಾಲು ಕೊಟ್ಟರು. ಗೇಜು ಬದಲಾದದ್ದು ಮೇ 31ರಂದೇ ಆರಂಭವಾದ್ದರಿಂದ ಅದನ್ನು ಮೇ ಪುಟದ ಕೊನೆಯ ಚೌಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ. ಕಾಡೆಮ್ಮೆಗೆ ದಿನಾಂಕವಿಲ್ಲವೆಂದು ಹೇಳಿದಾಗ, ಅದನ್ನು ಹೊದಿಕೆಯ ಮೇಲೆ ಬರೆಯೋಣವೆಂದು ಅದೇ ಒಂಬತ್ತು ವರ್ಷದ ಹುಡುಗಿ ಹೇಳಿದಳು. ಹಾಗೆಯೇ ಮಾಡುತ್ತಿದ್ದೇವೆ.

ಆಗ್ಡನ್_ವಾಸಿ

ಅಚ್ಚಾದ ಮೇಲೆ ನನಗೊಂದು ಪ್ರತಿ ಬೇಕು. ಅಂಚೆಯ ಖರ್ಚು ನನ್ನದು.

ಹಳಿಗಾರ

ಸುಮಾ ತಾಯಿ, ಏಪ್ರಿಲ್ ಪುಟದ ಚಿತ್ರವನ್ನು ಅಚ್ಚಿಗೆ ಕೊಡುವ ಮೊದಲು ನನಗೆ ಒಮ್ಮೆ ಕಳುಹಿಸಿ. ಚಿತ್ರ ಬರೆಯುವವರು ಮೊಳೆಯನ್ನು ಹಳಿಯನ್ನೇ ತೂರಿ ಹೊಡೆದಂತೆ ಬರೆಯುವುದನ್ನು ಬಹಳ ಕಡೆ ನೋಡಿದ್ದೇನೆ. ಮೊಳೆಯನ್ನು ಸ್ಲೀಪರಿಗೆ ಹೊಡೆಯುವುದು. ಅದರ ತಲೆ ಮಾತ್ರ ಹಳಿಯ ಪಾದದ ಅಂಚನ್ನು ಕಚ್ಚಿ ಹಿಡಿದಿರಬೇಕು, ಎರಡು ಬದಿಯಿಂದಲೂ.